ಅಥೆನ್ಸ್ ಡ್ಯೂಕ್‌ಗಳ ದೆನಿಯೆ ನಾಣ್ಯ ಆನ್‌ಲೈನಲ್ಲಿ ತಗೊಳೋರು ದಯವಿಟ್ಟು ಓದಿ

ಹಳೇ ನಾಣ್ಯ ಕೂಡಿಡೋ ಎಲ್ರಿಗೂ ಹೇಳ್ತಿದೀನಿ, "ಕ್ರುಸೇಡರ್ ಕಾಲದ ಶುದ್ಧ ಬೆಳ್ಳಿ" ಅಂತ ಅಥೆನ್ಸನ್ನ ಆಳ್ತಿದ್ದ ಡ್ಯೂಕ್ ಎರಡನೇ ಗೀ ಹೆಸರಿನ ದೆನಿಯೆ (ಆ ಕಾಲದ ಸಣ್ಣ ಚಿಲ್ಲರೆ ನಾಣ್ಯ) ಮಾರ್ತಿದ್ರೆ ಬರೀ ಫೋಟೋ ನೋಡಿ ದುಡ್ಡು ಕಳಿಸ್ಬೇಡಿ. ನನಗೆ ಬಂದಿದ್ದು ಅಚ್ಚಿಗೆ ಲೋಹ ಹುಯ್ದು ಮಾಡಿರೋ ಡೂಪ್ಲಿಕೇಟು.

ಈ ನಾಣ್ಯದ ಮೇಲೆ ನನಗೆ ಆಸೆ ಹುಟ್ಟಿದ್ದೇ ಅದರ ಕಥೆಯಿಂದ. ಗ್ರೀಸಲ್ಲಿ ಫ್ರೆಂಚ್ ಸರದಾರರು ಕಟ್ಕೊಂಡ ಪುಟ್ಟ ರಾಜ್ಯ, ಸುತ್ತ ವೈರಿಗಳು, ಗೀ 1308ರಲ್ಲಿ ಮಕ್ಕಳಿಲ್ದೆ ಸತ್ತ, ಆಮೇಲೆ ಬಂದ ಬ್ರಿಯೆನ್ ಮನೆತನದ ವಾಲ್ಟರ್ ಕ್ಯಾಟಲಾನ್ ಬಾಡಿಗೆ ಸೈನಿಕರ ಕೈಲಿ ಯುದ್ಧ ಮಾಡಿಸ್ಕೊಂಡು ಸಂಬಳ ಬಾಕಿ ಇಟ್ಟು ಹೊರಡಿ ಅಂದ, ಅವರು ತಿರುಗಿಬಿದ್ದು 1311ರಲ್ಲಿ ಅವನನ್ನೇ ಕೊಂದು ರಾಜ್ಯ ತಗೊಂಡ್ರು. ಆ ಕಾಲದ ಸಂತೆಯಲ್ಲಿ ಓಡಾಡ್ತಿದ್ದ ಚಿಲ್ಲರೆ ಇದು, ಗ್ರೀಸಿನದೇ ಥೀಬ್ಸ್ ಊರಿನ ಟಂಕಸಾಲೆದು. ಒಂದು ಕಡೆ ಶಿಲುಬೆ, ಸುತ್ತ ಡ್ಯೂಕ್ ಹೆಸರು, ಇನ್ನೊಂದು ಕಡೆ ಫ್ರಾನ್ಸಿನ ತೂರ್ ಊರಿನ ನಾಣ್ಯ ನೋಡಿ ಮಾಡಿದ ಕೋಟೆ ಗುರುತು.

ಅಸಲಿ ದೆನಿಯೆ ಶುದ್ಧ ಬೆಳ್ಳಿ ಅಲ್ವೇ ಅಲ್ಲ, ತಾಮ್ರನೇ ಜಾಸ್ತಿ, ಬಣ್ಣ ಮಂಕು ಬೂದು, ತೂಕ ಸುಮಾರು 0.8 ಗ್ರಾಂ, ತೆಳ್ಳಗೆ ಇರುತ್ತೆ. ನನಗೆ ಬಂದಿದ್ದು ಹೊಸ ಸ್ಟೀಲ್ ಲೋಟದ ಥರ ಹೊಳೀತಿತ್ತು, ತೂಕ ಡಬಲ್ ಹತ್ರ. ಲೆನ್ಸ್ ಹಿಡಿದ್ರೆ ಅಕ್ಷರಗಳ ಸುತ್ತ ಸಣ್ಣ ಸಣ್ಣ ಗುಳ್ಳೆ, ಅಂಚಲ್ಲಿ ಸುತ್ತಲೂ ಉಜ್ಜಿ ಅಳಿಸೋಕೆ ನೋಡಿರೋ ಗೆರೆ. ಲೋಹ ಹುಯ್ಯೋವಾಗ ಎರಡು ಅಚ್ಚು ಸೇರೋ ಕಡೆ ಬೀಳೋ ಗೆರೆ ಅದು. ಅಸಲಿಯನ್ನ ಸುತ್ತಿಗೆಯಿಂದ ಹೊಡೆದು ಮಾಡ್ತಿದ್ರು, ಅದಕ್ಕೆ ಆ ಗೆರೆ ಬರೋದಿಲ್ಲ. ಆಮೇಲೆ ಅದೇ ಮಾರಾಟಗಾರನ ಬೇರೆ ಲಿಸ್ಟಿಂಗ್ ತೆಗೆದು ನೋಡಿದೆ, ಶಿಲುಬೆ ಎಡಗೈ ಪಕ್ಕ ನನ್ನದರಲ್ಲಿರೋ ಬಿರುಕೇ ಇನ್ನೊಂದರಲ್ಲೂ ಅದೇ ಜಾಗದಲ್ಲಿ ಇದೆ! ಕೈಯಲ್ಲಿ ಹೊಡೆದ ಎರಡು ನಾಣ್ಯ ಬಿರುಕು ಸಮೇತ ಒಂದೇ ಥರ ಹೇಗಿರುತ್ತೆ ಹೇಳಿ?

ರಿಟರ್ನ್ ಕೇಳಿದ್ರೆ ಇವತ್ತು ನಾಳೆ ಅಂತ ಸತಾಯಿಸಿ ದೂರು ಕೊಡೋ ಗಡುವು ಮುಗಿಯೋವರೆಗೂ ಎಳೆದ, ಆಮೇಲೆ ಉತ್ತರನೇ ಇಲ್ಲ. ಹೊಟ್ಟೆ ಉರಿಯುತ್ತೆ.

ಗೀ ಹೆಸರಿನ ಅಸಲಿ ದೆನಿಯೆಗಳು ಅಷ್ಟೇನೂ ಅಪರೂಪ ಅಲ್ಲ, ಆದ್ರಿಂದ ಅರ್ಜೆಂಟ್ ಮಾಡೋ ಅಗತ್ಯನೇ ಇಲ್ಲ. ತೂಕದ ಮಷಿನ್ ಮೇಲಿಟ್ಟ ಫೋಟೋ, ಅಂಚಿನ ಫೋಟೋ ಎರಡೂ ಕೇಳಿ, ಕೊಡಲ್ಲ ಅಂದ್ರೆ ಬಿಟ್ಬಿಡಿ. ಸಿಗೋ ದಿನನೇ ತೂಗಿ ನೋಡಿ, ಡೌಟ್ ಇದ್ರೆ ಅವತ್ತೇ ಕಂಪ್ಲೇಂಟ್ ಹಾಕಿ. ನನ್ನ ನಕಲಿಯ ಫೋಟೋಗಳು ಇವೆ, ಆ ಬಿರುಕು ಹೋಲಿಸಿ ನೋಡ್ಬೇಕು ಅನ್ನೋರು ಕೇಳಿ, ಕಳಿಸ್ತೀನಿ.