ಬಿಳಿ ಹೊಗೆ ಅಂತ ಇಂಜಿನ್ ಬಿಚ್ಚಿಸೋ ಮುಂಚೆ ಬ್ರೇಕ್ ಆಯಿಲ್ ಡಬ್ಬಿ ನೋಡಿ

ಹಳೇ ಕಾರು ಇಟ್ಟುಕೊಂಡವರು ಇದನ್ನು ಓದಿ. ಬ್ರೇಕ್ ಬೂಸ್ಟರ್ (ನಾವು ಪೆಡಲ್ ಒತ್ತುವ ಬಲವನ್ನು ಹೆಚ್ಚಿಸುವ ಭಾಗ) ಪೆಡಲ್ ಹಿಂದೆಯೇ ಇರದೆ, ಬಾನೆಟ್ ಒಳಗೆ ಒಂದು ಮೂಲೆಯಲ್ಲಿ ಬೇರೆಯಾಗಿ ಕೂತಿರುವ ಮಾದರಿ ನಿಮ್ಮದಾಗಿದ್ದರೆ ಎರಡು ಸಲ ಓದಿ. ಒಂದೇ ಒಂದು ರಬ್ಬರ್ ಸೀಲ್ ಹೋಗಿದ್ದಕ್ಕೆ ಇಂಜಿನ್ನಿನ ಮೇಲ್ಭಾಗವಾದ ಹೆಡ್ ಇಳಿಸಿ, ರೀಬೋರ್ ಮಾಡಿಸಿ (ಸಿಲಿಂಡರಿನ ಒಳಗೋಡೆ ಕೊರೆಸಿ), ಹೊಸ ಪಿಸ್ಟನ್ ಹಾಕಿಸಿಕೊಂಡ ಪೆದ್ದುತನದ ಕಥೆ ಇದು. ಬರೆಯೋಕೆ ನಾಚಿಕೆಯಾಗುತ್ತೆ. ಆದರೂ ಬರೆಯಲೇಬೇಕು, ಯಾಕಂದ್ರೆ ಇದೇ ಮಾತು ಹೇಳಿ ನಾಳೆ ಇನ್ನೊಬ್ಬರ ಇಂಜಿನ್ ಬಿಚ್ಚುತ್ತಾರೆ.

ಗಾಡಿ ಗ್ಯಾರೇಜಿಗೆ ಹೋದಾಗ ಇದ್ದದ್ದು ಮೂರು ತೊಂದರೆ. ಸ್ಟಾರ್ಟ್ ಮಾಡಿದ ಕೂಡಲೇ ಸೈಲೆನ್ಸರಿನಿಂದ ದಟ್ಟ ಬಿಳಿ ಹೊಗೆ, ಹಿಂದೆ ನಿಂತವರು ಕೆಮ್ಮಬೇಕು ಅಷ್ಟು. ಐಡಲಿಂಗ್ ಸಮ ಇಲ್ಲ, ನಿಂತಲ್ಲೇ ಇಂಜಿನ್ ಕುಣಿಯುತ್ತೆ, ಆಕ್ಸಿಲರೇಟರ್ ಒತ್ತಿದರೆ ಸರಿಹೋಗುತ್ತೆ. ಮೂರನೆಯದು, ಬ್ರೇಕ್ ಆಯಿಲ್ ಕಡಿಮೆಯಾಗ್ತಿದೆ. ನಾಲ್ಕು ಚಕ್ರದ ಹತ್ತಿರವೂ ಒಂದು ಹನಿ ಸೋರಿಕೆ ಇಲ್ಲ, ಪೆಡಲ್ ಒತ್ತಿದಾಗ ಆಯಿಲನ್ನು ಪೈಪಿಗೆ ತಳ್ಳುವ ಮಾಸ್ಟರ್ ಸಿಲಿಂಡರಿನ ಬುಡ ಒಣಗಿದೆ, ಪೈಪುಗಳೆಲ್ಲ ಒಣಗಿವೆ, ಆದರೂ ಡಬ್ಬಿಯಲ್ಲಿ ಮಟ್ಟ ಇಳೀತಾನೇ ಇದೆ. ಮೂರನ್ನೂ ಹೇಳಿದ್ದೆ. ಮೂರನ್ನೂ. ಒತ್ತಿ ಹೇಳ್ತಿದ್ದೀನಿ, ಯಾಕಂದ್ರೆ ಎಲ್ಲ ಮುಗಿದ ಮೇಲೆ “ಬ್ರೇಕ್ ಆಯಿಲ್ ವಿಷಯ ನೀವು ಹೇಳಲೇ ಇಲ್ವಲ್ಲ ಸರ್” ಅಂದರು.

ಹೇಳಿದಾಗ ಬಂದ ಉತ್ತರ ಇನ್ನೂ ಕಿವಿಯಲ್ಲಿದೆ. “ಹಳೇ ಗಾಡಿ ಅಲ್ವಾ ಸರ್, ಸ್ವಲ್ಪ ಕುಡಿಯತ್ತೆ.”

ಕುಡೀತಿದ್ದದ್ದು ನಿಜವೇ. ಇಂಜಿನ್ನೇ ಕುಡೀತಿತ್ತು! ಬಾಯಿತಪ್ಪಿ ರೋಗದ ಹೆಸರು ಹೇಳಿಬಿಟ್ಟರು, ಅದು ಅವರಿಗೂ ಗೊತ್ತಾಗಲಿಲ್ಲ, ನನಗೂ ಗೊತ್ತಾಗಲಿಲ್ಲ.

ಬೂಸ್ಟರಿಗೆ ಶಕ್ತಿ ಬರುವುದು ಇಂಜಿನ್ ಎಳೆಯುವ ಗಾಳಿಯಿಂದ. ಇನ್‌ಲೆಟ್ ಮ್ಯಾನಿಫೋಲ್ಡಿನಿಂದ (ಇಂಜಿನ್ನಿಗೆ ಗಾಳಿ, ಪೆಟ್ರೋಲ್ ಹೋಗುವ ಕೊಳವೆ) ಒಂದು ದಪ್ಪ ರಬ್ಬರ್ ಪೈಪ್ ಬೂಸ್ಟರಿನ ಡಬ್ಬಿಗೆ ಹೋಗುತ್ತದೆ, ಅದೇ ವ್ಯಾಕ್ಯೂಮ್ ಪೈಪ್. ದೂರದಲ್ಲಿ ಕೂತಿರುವ ಬೂಸ್ಟರ್‌ಗಳಲ್ಲಿ ಆ ಡಬ್ಬಿಗೆ ಅಂಟಿಕೊಂಡೇ ಒಂದು ಚಿಕ್ಕ ಸಿಲಿಂಡರ್ ಇರುತ್ತದೆ. ಮಾಸ್ಟರ್ ಸಿಲಿಂಡರಿನಿಂದ ಬಂದ ಬ್ರೇಕ್ ಆಯಿಲ್ ಇದರ ಮೂಲಕವೇ ಚಕ್ರಗಳಿಗೆ ಹೋಗಬೇಕು. ಬೂಸ್ಟರ್ ಡಬ್ಬಿಯೊಳಗಿನ ಡಯಾಫ್ರಮ್ (ರಬ್ಬರ್ ಪೊರೆ) ಒಂದು ರಾಡ್ ತಳ್ಳುತ್ತದೆ, ಆ ರಾಡ್ ಸಿಲಿಂಡರಿನೊಳಗೆ ಹೋಗುವ ಜಾಗದಲ್ಲಿ ಒಂದು ಸೀಲ್ ಇರುತ್ತದೆ. ಸೀಲಿನ ಆ ಕಡೆ ಬ್ರೇಕ್ ಆಯಿಲ್, ಈ ಕಡೆ ಇಂಜಿನ್ ಎಳೆತ. ಸೀಲ್ ಸವೆದರೆ ಕೇಳಬೇಕೇ? ಆಯಿಲ್ ಬೂಸ್ಟರಿನ ಡಬ್ಬಿಯೊಳಗೆ ಇಳಿದು ತಳದಲ್ಲಿ ಸೇರುತ್ತೆ, ಅಲ್ಲಿಂದ ಪೈಪಿನಲ್ಲಿ ಹತ್ತಿ ಮ್ಯಾನಿಫೋಲ್ಡಿಗೆ ಹೋಗಿ ಪೆಟ್ರೋಲ್ ಜೊತೆ ಸುಡುತ್ತೆ. ಹೊರಗೆ ಒಂದು ಹನಿಯೂ ಬೀಳಲ್ಲ. ಬಿಳಿ ಹೊಗೆ ಅದರದ್ದೇ, ಇಳಿಯುವ ಮಟ್ಟ ಅದರದ್ದೇ. ಡಯಾಫ್ರಮ್ಮೋ ಏರ್ ವಾಲ್ವೋ ಸೋರುತ್ತಿದ್ದರೆ ಅಳತೆಯಿಲ್ಲದ ಗಾಳಿ ಒಳಗೆ ನುಗ್ಗಿ ಐಡಲಿಂಗ್ ಕೆಡುತ್ತೆ, ಅದೂ ಅದರದ್ದೇ. ಮೂರು ತೊಂದರೆಗೂ ಬೇರು ಒಂದೇ.

ಅವರು ಮಾಡಿದ್ದೇನು? ಹೊಗೆ ನೋಡಿದರು, “ಹೆಡ್ ಗ್ಯಾಸ್ಕೆಟ್ ಹೋಗಿದೆ” ಅಂದರು (ಹೆಡ್ಡಿಗೂ ಕೆಳಗಿನ ಇಂಜಿನ್ ಬ್ಲಾಕಿಗೂ ನಡುವಿನ ಸೀಲ್). ಕಂಪ್ರೆಷನ್ (ಸಿಲಿಂಡರಿನೊಳಗಿನ ಒತ್ತಡ) ನೋಡಿದ್ರಾ ಅಂದರೆ “ಹೊಗೆ ನೋಡಿದ್ರೇ ಗೊತ್ತಾಗತ್ತೆ ಸರ್, ಗೇಜ್ ಯಾಕೆ?” ರೇಡಿಯೇಟರಿನಲ್ಲಿ ನೀರು ಕಮ್ಮಿಯಾಗ್ತಿಲ್ಲವಲ್ಲ ಅಂದರೆ “ಈಗ ಆಗ್ತಿಲ್ಲ, ಮುಂದೆ ಆಗತ್ತೆ.” ಈ ಮಾತಿಗೆ ತಲೆಯಾಡಿಸಿದ ನನಗೆ ಏನು ಹೇಳಬೇಕೋ!

ಗ್ಯಾಸ್ಕೆಟ್ ಹೋಗಿದ್ದರೆ ನೀರು ಕಡಿಮೆಯಾಗಬೇಕು, ಇಲ್ಲವೇ ತಣ್ಣಗಿರುವಾಗ ರೇಡಿಯೇಟರ್ ಮುಚ್ಚಳ ತೆಗೆದು ಸ್ಟಾರ್ಟ್ ಮಾಡಿದರೆ ಗುಳ್ಳೆ ಬರುತ್ತಲೇ ಇರಬೇಕು, ಇಲ್ಲವೇ ಪಕ್ಕಪಕ್ಕದ ಎರಡು ಸಿಲಿಂಡರಿನಲ್ಲಿ ಕಂಪ್ರೆಷನ್ ಬಿದ್ದಿರಬೇಕು, ಇಲ್ಲವೇ ಇಂಜಿನ್ ಆಯಿಲ್ ಹಾಲು ಬೆರೆಸಿದ ಹಾಗೆ ಆಗಿರಬೇಕು. ಕಂಪ್ರೆಷನ್ ಅಂತೂ ಯಾರೂ ಅಳೆಯಲೇ ಇಲ್ಲ, ಉಳಿದದ್ದರಲ್ಲಿ ಒಂದೂ ಇರಲಿಲ್ಲ. ನೀರಿನ ಆವಿಯಾದರೆ ಗಾಡಿಯ ಹಿಂದೆಯೇ ಕರಗಿಹೋಗುತ್ತೆ. ಬ್ರೇಕ್ ಆಯಿಲ್ ಹೊಗೆ ಹಾಗಲ್ಲ, ಗಾಳಿಯಲ್ಲಿ ತೂಗಾಡುತ್ತಾ ನಿಲ್ಲುತ್ತೆ, ಗಂಟಲು ಹಿಡಿಯುವ ಘಾಟು ಇರುತ್ತೆ. ಇಂಜಿನ್ ಆಯಿಲ್ ಸುಟ್ಟರೆ ಹೊಗೆ ನೀಲಿ, ಪೆಟ್ರೋಲ್ ಹೆಚ್ಚಾದರೆ ಕಪ್ಪು. ಮೆಕ್ಯಾನಿಕ್ ಕೆಲಸಕ್ಕೆ ಸೇರಿದ ಹುಡುಗನಿಗೂ ಗೊತ್ತಿರುವ ವಿಷಯ.

ಹೆಡ್ ಇಳಿಸಿದರು. ಗ್ಯಾಸ್ಕೆಟ್ ಕೈಯಲ್ಲಿ ಹಿಡಿದು ನೋಡಿದರೆ ಸಿಲಿಂಡರ್ ನಡುವೆ ಸುಟ್ಟ ಗೆರೆ ಇಲ್ಲ, ನೀರಿನ ತೂತಿನ ಕಡೆ ಜಾಡು ಇಲ್ಲ. “ಒಳಗಡೆ ಸಣ್ಣ ಸೀಳು ಇರತ್ತೆ, ಕಣ್ಣಿಗೆ ಕಾಣಲ್ಲ.” ಹೆಡ್ ಫೇಸಿಂಗ್ ಮಾಡಿಸಿ ಹೊಸ ಗ್ಯಾಸ್ಕೆಟ್ ಹಾಕಿದರು. ಸ್ಟಾರ್ಟ್ ಮಾಡಿದರೆ ಅದೇ ಹೊಗೆ.

ಆಗ ಬಂತು ಪಿಸ್ಟನ್ ಸುತ್ತ ಕೂರುವ ರಿಂಗ್ ವಿಷಯ. “ರಿಂಗ್ ಸವೆದಿದೆ, ಬೋರ್ ಓವಲ್ ಆಗಿದೆ.” ಬೋರ್ ಅಂದರೆ ಪಿಸ್ಟನ್ ಓಡಾಡುವ ತೂತು. ಎಷ್ಟು ಸವೆದಿದೆ ಅಂದರೆ ಅಂಕಿ ಇಲ್ಲ. ಬೋರ್ ಗೇಜ್ ಹಿಡಿದದ್ದು ಯಾರೂ ನೋಡಿಲ್ಲ. ಹಳೇ ರಿಂಗನ್ನು ಅದೇ ಬೋರಿನೊಳಗೆ ಇಳಿಸಿ ಫೀಲರ್ ಗೇಜಿನಲ್ಲಿ ಬಾಯಿಯ ಸಂದು ಅಳೆದಿದ್ದರೆ ಐದು ನಿಮಿಷದಲ್ಲಿ ಸತ್ಯ ಗೊತ್ತಾಗ್ತಿತ್ತು. ರೀಬೋರ್ ಆದ ಮೇಲೆ ಅಳೆಯೋದೇನು? ಸಾಕ್ಷಿಯನ್ನೇ ಕೊರೆದು ಬಿಸಾಕಿದ ಹಾಗಾಯಿತು.

ಇಲ್ಲಿಯೇ ನಾವು ಬೀಳೋದು. ಹೆಡ್ ಹೇಗೂ ಇಳಿಸಾಯ್ತಲ್ಲ, ಇರೋವಾಗಲೇ ಮಾಡಿಸಿಬಿಡೋಣ ಅನ್ನಿಸುತ್ತೆ. ಅನ್ನಿಸಲಿ ಅಂತಲೇ ಅವರು ಹಾಗೆ ಹೇಳೋದು.

ಹೊಸ ಪಿಸ್ಟನ್, ಹೊಸ ರಿಂಗ್, ವಾಲ್ವ್ ಗ್ರೈಂಡಿಂಗ್ ಎಲ್ಲ ಮುಗಿದು ಗಾಡಿ ಸ್ಟಾರ್ಟ್ ಆಯ್ತು. ಅದೇ ಹೊಗೆ. ಅದೇ ಘಾಟು. ಅವರ ಉತ್ತರ: “ಹೊಸ ಇಂಜಿನ್ ಅಲ್ವಾ ಸರ್, ರಿಂಗ್ ಕೂರೋವರೆಗೂ ಹೊಗೆ ಇರತ್ತೆ. ಸಾವಿರ ಕಿಲೋಮೀಟರ್ ಓಡಿಸಿ.” ರಿಂಗ್ ಕೂರೋಕೆ ಸಮಯ ಬೇಕು ಅನ್ನೋದು ಸರಿ, ಆದರೆ ಆಗ ಬರೋದು ತೆಳು ನೀಲಿ ಹೊಗೆ. ಬಿಳಿ ಮೋಡ ಅಲ್ಲ. ಮತ್ತೆ ಬ್ರೇಕ್ ಆಯಿಲ್ ಯಾಕೆ ಇಳೀತಿದೆ ಅಂದರೆ ಮಾತೇ ಬದಲು: “ಮಾಸ್ಟರ್ ಸಿಲಿಂಡರ್ ಚೇಂಜ್ ಮಾಡೋಣ.” ಅದನ್ನೂ ಮಾಡಿದರು. ಒಣಗಿದ್ದ ಮಾಸ್ಟರ್ ಸಿಲಿಂಡರನ್ನು.

ಕೊನೆಗೆ ಗೊತ್ತಾದದ್ದು ಸ್ಕ್ರೂಡ್ರೈವರ್ ಒಂದರಿಂದ. ಐಡಲಿಂಗ್‌ಗೆ ಎಲ್ಲಾದರೂ ಗಾಳಿ ಸೋರಿಕೆ ಇದೆಯಾ ಅಂತ ಮ್ಯಾನಿಫೋಲ್ಡ್ ಹತ್ತಿರ ವ್ಯಾಕ್ಯೂಮ್ ಪೈಪಿನ ಕ್ಲಿಪ್ ಸಡಿಲಿಸಿ ಎಳೆದೆ. ಪೈಪಿನ ಬಾಯಿಂದ ಅಂಗೈ ಮೇಲೆ ಆಯಿಲ್ ಬಿತ್ತು. ಒಣಗಿರಬೇಕಾದ ಗಾಳಿ ಪೈಪ್ ಅದು. ಮೂಸಿ ನೋಡಿದರೆ ಬ್ರೇಕ್ ಆಯಿಲ್. ಎರಡು ನಿಮಿಷದ ಕೆಲಸ. ಇಂಜಿನ್ ಪೂರ್ತಿ ಬಿಚ್ಚಿ ಜೋಡಿಸಿದವರು ಆ ಪೈಪನ್ನೂ ಕಳಚಿಯೇ ಇರುತ್ತಾರಲ್ಲ? ಮ್ಯಾನಿಫೋಲ್ಡ್ ತೆಗೆಯದೆ ಹೆಡ್ ಕೆಲಸ ಮಾಡಿದರಾ? ಆ ಆಯಿಲ್ ಅವರ ಕೈಗೂ ತಾಗಿರಲೇಬೇಕು. ಗೊತ್ತಿದ್ದೂ ಮಾಡಿದರೋ, ಗೊತ್ತಿಲ್ಲದೆ ಮಾಡಿದರೋ, ಯಾವುದು ಕೆಟ್ಟದ್ದು ಅಂತ ಇವತ್ತಿಗೂ ತೀರ್ಮಾನ ಆಗಿಲ್ಲ.

ನೀವು ಮಾಡಬೇಕಾದದ್ದು ಇಷ್ಟು. ಇಂಜಿನ್ ನಿಲ್ಲಿಸಿ ಆ ಪೈಪನ್ನು ಮ್ಯಾನಿಫೋಲ್ಡ್ ಕಡೆ ಕಳಚಿ, ಒಳಗೆ ಬಿಳಿ ಬಟ್ಟೆ ತೂರಿಸಿ ನೋಡಿ. ಒದ್ದೆಯಾಗಿದ್ದರೆ ಮುಗಿಯಿತು. ಇನ್ನೂ ಅನುಮಾನವಿದ್ದರೆ ಮ್ಯಾನಿಫೋಲ್ಡಿನ ಬಾಯಿಗೆ ರಬ್ಬರ್ ಮುಚ್ಚಳ ಹಾಕಿ ಕ್ಲಿಪ್ ಬಿಗಿದು, ನಿಂತ ಜಾಗದಲ್ಲೇ ಸ್ಟಾರ್ಟ್ ಮಾಡಿ. ಐಡಲಿಂಗ್ ಕೂಡಲೇ ಸಮವಾದರೆ ಗಾಳಿ ಬರ್ತಿದ್ದದ್ದು ಬೂಸ್ಟರಿನಿಂದ. ಹೊಗೆ ತಕ್ಷಣ ನಿಲ್ಲಲ್ಲ, ಸೈಲೆನ್ಸರ್ ಒಳಗೆ ಕೂತಿರೋದು ಸುಟ್ಟು ಹೋಗಬೇಕು, ಸ್ವಲ್ಪ ಹೊತ್ತು ಕಾಯಿರಿ. ಹೀಗೆ ಮುಚ್ಚಿಕೊಂಡು ರಸ್ತೆಗೆ ಇಳಿಯಬೇಡಿ. ಪೆಡಲ್ ಕಲ್ಲಿನ ಹಾಗೆ ಗಟ್ಟಿಯಾಗಿರುತ್ತೆ, ಜೊತೆಗೆ ಸೀಲ್ ಹೋದ ಬೂಸ್ಟರ್ ಮೂಲಕವೇ ಆಯಿಲ್ ಹೋಗ್ತಿರುತ್ತೆ. ಹಳೇ ಗಾಡಿಗಳಲ್ಲಿ ನಾಲ್ಕೂ ಚಕ್ರಕ್ಕೆ ಒಂದೇ ಲೈನ್ ಇರೋದು ಸಾಮಾನ್ಯ, ಬ್ರೇಕ್ ಆಯಿಲ್ ಡಬ್ಬಿ ಖಾಲಿಯಾದರೆ ನಾಲ್ಕೂ ಹೋಯ್ತು.

ಬೂಸ್ಟರ್ ಕೆಲಸ ಮಾಡ್ತಿದೆಯಾ ಅನ್ನೋದಕ್ಕೆ ಇಂಜಿನ್ ಆಫ್ ಮಾಡಿ ಐದಾರು ಸಲ ಪೆಡಲ್ ಒತ್ತಿ, ಕಾಲು ಅಲ್ಲೇ ಹಿಡಿದು ಸ್ಟಾರ್ಟ್ ಮಾಡಿ. ಪೆಡಲ್ ಸ್ವಲ್ಪ ಕೆಳಗೆ ಇಳಿಯಬೇಕು. ಆದರೆ ಹುಷಾರು, ಸೀಲ್ ಸೋರುವ ಬೂಸ್ಟರ್ ಕೂಡ ಈ ಪರೀಕ್ಷೆಯಲ್ಲಿ ಪಾಸಾಗಬಹುದು. ನನ್ನದು ಪಾಸಾಗಿತ್ತು.

ಕಂಪ್ರೆಷನ್ ಗೇಜ್ ಇಲ್ಲದ ಗ್ಯಾರೇಜಿಗೆ ಹೆಡ್ ಇಳಿಸಲು ಒಪ್ಪಿಗೆ ಕೊಡಬೇಡಿ. ಇಂಜಿನ್ ಬಿಸಿ ಇರಬೇಕು, ಎಲ್ಲ ಪ್ಲಗ್ ತೆಗೆದಿರಬೇಕು, ಕಾಯಿಲ್ ವೈರ್ ಕಳಚಿರಬೇಕು, ಆಕ್ಸಿಲರೇಟರ್ ಪೂರ್ತಿ ಒತ್ತಿರಬೇಕು. ಒಂದೊಂದು ಸಿಲಿಂಡರಿಗೆ ಗೇಜ್ ಇಟ್ಟು ಐದಾರು ಸಲ ತಿರುಗಿಸಿ ಅಂಕಿ ಬರೆಸಿಕೊಳ್ಳಿ. ಒಂದಕ್ಕೊಂದು 10% ಒಳಗಿದ್ದು, ಒಟ್ಟಾರೆ ಕೈಪಿಡಿಯಲ್ಲಿ ಕೊಟ್ಟ ಅಂಕಿಗೆ ಹತ್ತಿರವಿದ್ದರೆ ರಿಂಗ್ ಸವೆದಿದೆ ಅನ್ನೋ ಮಾತು ನಂಬಬೇಡಿ. ಯಾವುದಾದರೂ ಕಡಿಮೆ ಬಂದರೆ ಅದರೊಳಗೆ ಒಂದು ಚಮಚ ಇಂಜಿನ್ ಆಯಿಲ್ ಹಾಕಿ ಮತ್ತೆ ನೋಡಿ, ಏರಿದರೆ ರಿಂಗ್, ಏರದಿದ್ದರೆ ವಾಲ್ವ್ ಅಥವಾ ಗ್ಯಾಸ್ಕೆಟ್.

ಬೂಸ್ಟರ್ ರಿಪೇರಿಗೆ ಸೀಲ್ ಕಿಟ್ ಸಿಗುತ್ತೆ. ಆದರೆ ಸಿಲಿಂಡರ್ ಗೋಡೆಯಲ್ಲಿ ತುಕ್ಕಿನ ಗುಳಿ ಬಿದ್ದಿದ್ದರೆ ಹೊಸ ಸೀಲ್ ಬಹಳ ದಿನ ಬಾಳಲ್ಲ, ಸ್ಲೀವ್ (ಒಳಗೆ ಹೊಸ ಲೋಹದ ಕೊಳವೆ) ಹಾಕಿಸಬೇಕು ಅಥವಾ ಬೂಸ್ಟರ್ ಬದಲಿಸಬೇಕು. ಸೀಲಿಗೆ ಸಾಮಾನ್ಯ ಗ್ರೀಸ್ ಮುಟ್ಟಿಸಬೇಡಿ, ಊದಿಕೊಳ್ಳುತ್ತೆ. ಬ್ರೇಕ್ ಆಯಿಲ್ ಅಥವಾ ರಬ್ಬರ್ ಗ್ರೀಸ್ ಮಾತ್ರ. ಡಾಟ್ 3 ಮತ್ತು ಡಾಟ್ 4 ದರ್ಜೆಯ ಬ್ರೇಕ್ ಆಯಿಲ್‌ಗಳು ಗಾಳಿಯಲ್ಲಿನ ತೇವ ಹೀರುತ್ತವೆ, ಗುಳಿ ಬೀಳೋದೇ ಅದರಿಂದ, ಎರಡು ವರ್ಷಕ್ಕೊಮ್ಮೆ ಬದಲಿಸಿ. ಡಾಟ್ 5 ಸಿಲಿಕೋನ್, ಅದನ್ನು ಇವುಗಳ ಜೊತೆ ಬೆರೆಸೋ ಹಾಗಿಲ್ಲ.

ಇಷ್ಟಕ್ಕೇ ನಿಂತಿದ್ದರೆ ಒಂದು ರೀತಿ. ಹೊಸ ಮಾಸ್ಟರ್ ಸಿಲಿಂಡರ್ ಹಾಕಿದ್ದರಲ್ಲ, ಅದು ಬೇರೆ ತಲೆನೋವು ತಂತು. ಹತ್ತಿಪ್ಪತ್ತು ನಿಮಿಷ ಓಡಿಸಿದ ಮೇಲೆ ಪಿಕಪ್ ಸಾಯುತ್ತೆ, ಇಂಜಿನ್ ಬಿಸಿ ಏರುತ್ತೆ, ಕ್ಲಚ್ ಒತ್ತಿದರೆ ಗಾಡಿ ಉರುಳದೆ ನಿಂತುಬಿಡುತ್ತೆ. “ಹೊಸ ಪಿಸ್ಟನ್ ಟೈಟ್ ಇದೆ ಸರ್, ಫ್ರೀ ಆಗತ್ತೆ.” ಪಿಸ್ಟನ್ ಟೈಟ್ ಇದ್ದರೆ ಕ್ಲಚ್ ಒತ್ತಿದಾಗ ಗಾಡಿ ಯಾಕೆ ನಿಲ್ಲಬೇಕು ಸ್ವಾಮಿ? ಆಗ ಇಂಜಿನ್ನಿಗೂ ಚಕ್ರಕ್ಕೂ ಸಂಬಂಧವೇ ಇರಲ್ಲವಲ್ಲ! ಚಕ್ರದ ಡ್ರಮ್ ಮುಟ್ಟೋಕಾಗದಷ್ಟು ಕಾದಿತ್ತು. ಬ್ರೇಕ್ ಹಿಡಿದುಕೊಂಡೇ ಓಡ್ತಿತ್ತು ಗಾಡಿ.

ಪೆಡಲ್ ಮೇಲೇ ಹಿಡಿಯಲಿ, ಗಿರಾಕಿ ಖುಷಿಯಾಗಲಿ ಅಂತ ಪೆಡಲಿನಿಂದ ಮಾಸ್ಟರ್ ಸಿಲಿಂಡರನ್ನು ತಳ್ಳುವ ಪುಷ್ ರಾಡ್ ಉದ್ದ ಮಾಡಿದ್ದರು. ಪೆಡಲ್ ಬಿಟ್ಟಾಗ ಮಾಸ್ಟರ್ ಸಿಲಿಂಡರಿನ ಪಿಸ್ಟನ್ ಪೂರ್ತಿ ಹಿಂದೆ ಬಂದು, ಬ್ರೇಕ್ ಆಯಿಲ್ ಡಬ್ಬಿ ಕಡೆಯ ಸೂಜಿ ಮೊನೆಯಂಥ ತೂತು ತೆರೆದುಕೊಳ್ಳಬೇಕು. ರಾಡ್ ಒತ್ತಿಕೊಂಡೇ ಇದ್ದರೆ ತೂತು ಮುಚ್ಚಿಯೇ ಇರುತ್ತೆ. ಬಿಸಿಗೆ ಹಿಗ್ಗಿದ ಆಯಿಲ್ ವಾಪಸ್ ಹೋಗೋಕೆ ದಾರಿ ಇಲ್ಲ, ಶೂ ಡ್ರಮ್ಮಿಗೆ ಒತ್ತುತ್ತೆ, ಇನ್ನಷ್ಟು ಬಿಸಿ, ಇನ್ನಷ್ಟು ಒತ್ತಡ. ರಾಡಿಗೂ ಪಿಸ್ಟನ್ನಿಗೂ ನಡುವೆ ಹೆಚ್ಚುಕಡಿಮೆ 1 ಮಿ.ಮೀ. ಆಟ ಬೇಕು. ಪೆಡಲನ್ನು ಕೈಬೆರಳಲ್ಲಿ ಒತ್ತಿದರೆ ಅದು ತಿಳಿಯುತ್ತೆ.

ಬ್ರೇಕ್ ಹಿಡಿದುಕೊಂಡಾಗ ಎಲ್ಲವನ್ನೂ ಬದಲಿಸೋಣ ಅಂತಾರೆ. ಬೇಡ. ಹಿಡಿದಿರುವಾಗಲೇ ಗಾಡಿ ಜ್ಯಾಕ್ ಹಾಕಿ, ಸ್ಟ್ಯಾಂಡ್ ಕೊಟ್ಟು, ಮಾಸ್ಟರ್ ಸಿಲಿಂಡರಿನಿಂದ ಹೊರಡುವ ಪೈಪಿನ ನಟ್ ಸ್ವಲ್ಪ ಸಡಿಲಿಸಿ. ಆಯಿಲ್ ಚಿಮ್ಮಿ ಚಕ್ರ ಬಿಟ್ಟರೆ ತಪ್ಪು ಮಾಸ್ಟರ್ ಸಿಲಿಂಡರಿನಲ್ಲಿ ಅಥವಾ ಪುಷ್ ರಾಡಿನಲ್ಲಿ. ಬಿಡದಿದ್ದರೆ ಬೂಸ್ಟರಿನಿಂದ ಹೊರಡುವ ನಟ್ ಸಡಿಲಿಸಿ, ಈಗ ಬಿಟ್ಟರೆ ಬೂಸ್ಟರ್ ಅಂಟಿಕೊಂಡಿದೆ. ಅಲ್ಲೂ ಬಿಡದೆ ಚಕ್ರದ ಬ್ಲೀಡ್ ನಿಪ್ಪಲ್ (ಆಯಿಲ್, ಗಾಳಿ ಹೊರಬಿಡುವ ತಿರುಪು) ತೆರೆದಾಗ ಬಿಟ್ಟರೆ ರಬ್ಬರ್ ಹೋಸ್ ಒಳಗಡೆ ಊದಿ ಮುಚ್ಚಿದೆ, ಹೊರಗಿನಿಂದ ಹೊಸದರಂತೆ ಕಂಡರೂ ಸರಿ. ನಿಪ್ಪಲ್ ತೆರೆದರೂ ಬಿಡಲ್ಲ ಅಂದರೆ ವೀಲ್ ಸಿಲಿಂಡರ್ ಜಾಮ್, ಇಲ್ಲವೇ ಹ್ಯಾಂಡ್ ಬ್ರೇಕ್ ಕೇಬಲ್. ಆಯಿಲ್ ಪೇಂಟ್ ಮೇಲೆ ಬಿದ್ದರೆ ಕೂಡಲೇ ನೀರು ಸುರಿಯಿರಿ, ಇಲ್ಲದಿದ್ದರೆ ಪೇಂಟ್ ಎದ್ದುಬರುತ್ತೆ. ಮುಗಿದ ಮೇಲೆ ನಟ್ ಬಿಗಿದು ಪೈಪಿನೊಳಗೆ ಸೇರಿದ ಏರ್ ತೆಗೆಯಿರಿ.

ಒದ್ದೆ ಪೈಪ್ ಹಿಡಿದುಕೊಂಡೇ ಗ್ಯಾರೇಜಿಗೆ ಹೋಗಿ ತೋರಿಸಿದೆ. ಮುಖ್ಯ ಮೆಕ್ಯಾನಿಕ್ ಪೈಪ್ ತಿರುಗಿಸಿ ನೋಡಿ, ಕೈ ಒರೆಸಿಕೊಂಡು, “ಓಹ್, ಬೂಸ್ಟರ್. ಆಗತ್ತೆ ಸರ್ ಹೀಗೆ” ಅಂದರು. ರೀಬೋರ್ ಯಾಕೆ ಮಾಡಿಸಿದ್ರಿ ಅಂದೆ. “ಆದ್ರೂ ಇಂಜಿನ್ ಹೊಸದಾಯ್ತಲ್ಲ ಸರ್.” ಹಳೇ ಪಿಸ್ಟನ್, ರಿಂಗ್ ಎಲ್ಲಿ ಅಂದೆ. ಗುಜರಿಗೆ ಹೋಯ್ತಂತೆ. ಹಳೇ ಮಾಸ್ಟರ್ ಸಿಲಿಂಡರ್? ಅದೂ ಗುಜರಿಗೆ.