ಸ್ಟಾರ್‌ಲಿಂಕ್: ಸೇವೆ ಗಟ್ಟಿ, ಆದರೆ ಕೀಲಿಕೈ ಯಾರ ಹತ್ತಿರ?

ಸ್ಟಾರ್‌ಲಿಂಕ್ ಅಂದರೆ ಇಲಾನ್ ಮಸ್ಕ್ ಅವರ ಸ್ಪೇಸ್‌ಎಕ್ಸ್ ಕಂಪನಿ ಉಪಗ್ರಹಗಳ ಮೂಲಕ ಕೊಡುವ ಇಂಟರ್ನೆಟ್ ಸೇವೆ. ಅದರ ಉಪಗ್ರಹಗಳು ಸುತ್ತುವುದು ಸುಮಾರು 550 ಕಿ.ಮೀ. ಎತ್ತರದಲ್ಲಿ. ಹಾಗಾಗಿ 35,786 ಕಿ.ಮೀ. ಮೇಲಿರುವ ಹಳೇ ಬಗೆಯ ಉಪಗ್ರಹಗಳಂತೆ ವಿಡಿಯೊ ಕರೆಯಲ್ಲಿ ಮಾತು ತಡವಾಗಿ ಕೇಳಿಸುವುದಿಲ್ಲ. ಆದರೆ ಸಿಗ್ನಲ್ ಹಿಡಿಯುವ ತಟ್ಟೆಗೆ (ಡಿಶ್) ಬಯಲು ಆಕಾಶ ಬೇಕೇ ಬೇಕು. ಒಂದೇ ಒಂದು ಕೊಂಬೆ ಅಡ್ಡವಿದ್ದರೂ, ಉಪಗ್ರಹ ಅದರ ಹಿಂದೆ ಸರಿದಾಗಲೆಲ್ಲ ಕೆಲವು ಸೆಕೆಂಡು ಸಂಪರ್ಕ ಕಡಿಯುತ್ತದೆ. ತಟ್ಟೆಯ ಕಂಬ ನೆಡುವ ಮೊದಲೇ ಸ್ಟಾರ್‌ಲಿಂಕ್ ಆ್ಯಪ್‌ನಲ್ಲಿ ಅಡೆತಡೆ ನೋಡಿಕೊಳ್ಳಿ. ತಟ್ಟೆಗೆ 75 ವ್ಯಾಟ್ ವಿದ್ಯುತ್ ಲೆಕ್ಕ ಹಿಡಿದರೆ, 12 ವೋಲ್ಟ್ 100 ಎಎಚ್ (ಆಂಪಿಯರ್-ಗಂಟೆ) ಬ್ಯಾಟರಿ ಅರ್ಧ ಖಾಲಿಯಾಗುವಷ್ಟರಲ್ಲಿ, ಇನ್ವರ್ಟರ್ ನಷ್ಟ ಕಳೆದು, ಆರೇಳು ಗಂಟೆ ಓಡುತ್ತದೆ.

ಉಕ್ರೇನ್‌ನಲ್ಲಿ 2022ರಿಂದ ಆಸ್ಪತ್ರೆಗೂ ಇದೇ, ಸೈನಿಕರ ಕಂದಕಕ್ಕೂ ಇದೇ. ರಷ್ಯಾ ವಶದಲ್ಲಿರುವ ಕ್ರೈಮಿಯಾ ಬಳಿ ಸೇವೆ ತೆರೆಯಿರಿ ಎಂಬ ಉಕ್ರೇನ್ ಕೋರಿಕೆಯನ್ನು ಇಲಾನ್ ಮಸ್ಕ್ ಒಪ್ಪಲಿಲ್ಲ. ದಾಳಿಗೆ ನೆರವಾಗಲಾರೆ ಎಂಬ ಅವರ ವಾದಕ್ಕೆ ತೂಕವಿದೆ. ಆದರೂ ಯುದ್ಧದ ಅಂಥ ನಿರ್ಧಾರ ಒಬ್ಬ ಮಾಲೀಕನ ಕೈಯಲ್ಲಿರುವುದು ತಪ್ಪೇ. ಆಸ್ಪತ್ರೆಗೆ ಹಾಕಿಸುವುದಾದರೆ ಪಕ್ಕದಲ್ಲಿ ಫೈಬರ್ ಅಥವಾ 4ಜಿ ರೂಟರ್ ಇದ್ದೇ ಇರಲಿ.