ಸರ್ಫರ್ಸ್ ಪಾಯಿಂಟ್: ಕಡಲಿಗೆ ಜಾಗ ಬಿಟ್ಟುಕೊಟ್ಟ ಬೀಚು

ಕಡಲ್ಕೊರೆತಕ್ಕೆ ಬಂಡೆ ತಂದು ಸುರಿಯುವುದೊಂದೇ ಮದ್ದು ಎಂದು ನಂಬಿರುವವರು ಕ್ಯಾಲಿಫೋರ್ನಿಯಾದ ವೆಂಚುರಾ ನಗರದಲ್ಲಿರುವ ಸರ್ಫರ್ಸ್ ಪಾಯಿಂಟ್ ಅನ್ನು ಒಮ್ಮೆ ನೋಡಬೇಕು. ವೆಂಚುರಾ ನದಿ ಸಮುದ್ರ ಸೇರುವಲ್ಲಿ, ಕೌಂಟಿಯ ಮೇಳದ ಮೈದಾನಕ್ಕೆ ಒತ್ತಿಕೊಂಡಿರುವ ಈ ತೀರ ಸರ್ಫಿಂಗ್ ಮಾಡುವವರಿಗೆ ಬಹುಕಾಲದಿಂದ ಅಚ್ಚುಮೆಚ್ಚು. 1989ರಲ್ಲಿ ಇಲ್ಲಿ ನೀರಿಗೆ ತೀರಾ ಸಮೀಪದಲ್ಲಿಯೇ ಸೈಕಲ್ ಪಥವನ್ನೂ ಪಾರ್ಕಿಂಗ್ ಜಾಗವನ್ನೂ ನಿರ್ಮಿಸಿದ್ದರು. ಕೆಲವೇ ವರ್ಷಗಳಲ್ಲಿ ಅಲೆಗಳು ಅವುಗಳ ಅಂಚನ್ನು ಕಡಿದುಹಾಕಲಾರಂಭಿಸಿದವು. ಗೋಡೆ ಕಟ್ಟಬೇಕೇ ಅಥವಾ ಹಿಂದೆ ಸರಿಯಬೇಕೇ ಎಂಬ ವಾದ ವರ್ಷಗಟ್ಟಲೆ ಎಳೆದಾಡಿ, ಕೊನೆಗೆ ಹಿಂದೆ ಸರಿಯುವುದೆಂದಾಗಿ, 2011ರಲ್ಲಿ ಮುಗಿದ ಆ ಕೆಲಸದ ಮೊದಲ ಹಂತದಲ್ಲಿ ಪಥ, ಪಾರ್ಕಿಂಗ್ ಎರಡನ್ನೂ ಸುಮಾರು 20 ಮೀಟರ್ ಒಳಕ್ಕೆ ಸರಿಸಲಾಯಿತು.

ತೆರವಾದ ಜಾಗದಲ್ಲಿ ಮಾಡಿರುವ ಕೆಲಸ ನಿಜಕ್ಕೂ ಮೆಚ್ಚುವಂಥದ್ದು. ನೆಲದಡಿಯಲ್ಲಿ ನುಣುಪಾದ ಉರುಟುಕಲ್ಲುಗಳ ದಪ್ಪ ಹಾಸು, ಅದರ ಮೇಲೆ ಮರಳ ದಿಬ್ಬ, ದಿಬ್ಬದ ಮೇಲೆ ಅಲ್ಲಿಯದೇ ಗಿಡಗಂಟಿ. ಕಾಂಕ್ರೀಟ್ ಗೋಡೆಗೆ ಬಡಿದ ಅಲೆ ಅದೇ ರಭಸದಲ್ಲಿ ಹಿಂದಕ್ಕೆ ಪುಟಿದು ಬುಡದ ಮರಳನ್ನು ಕೆರೆದೊಯ್ಯುತ್ತದೆ. ಉರುಟುಕಲ್ಲುಗಳಾದರೋ ಉರುಳಿ, ಜರುಗಿ, ಸಂದುಗಳಲ್ಲಿ ನೀರನ್ನು ಇಂಗಿಸಿಕೊಂಡು ಅಲೆಯ ಬಲವನ್ನು ಅಲ್ಲಲ್ಲೇ ಕುಗ್ಗಿಸುತ್ತವೆ. ಗಾಳಿಗೆ ಹಾರುವ ಮರಳನ್ನು ಗಿಡಗಳು ಹಿಡಿದಿಡುವುದರಿಂದ ದಿಬ್ಬವೂ ತಕ್ಕಮಟ್ಟಿಗೆ ತಾನೇ ಬೆಳೆದುಕೊಳ್ಳುತ್ತದೆ. ಪೆಸಿಫಿಕ್ ಸಾಗರದ ಮೇಲ್ನೀರು ಬಿಸಿಯೇರಿ ಹವಾಮಾನವನ್ನು ಏರುಪೇರು ಮಾಡುವ ಎಲ್ ನಿನೊ ಕಾಣಿಸಿಕೊಂಡಿದ್ದ 2015–16ರ ಚಳಿಗಾಲದ ಅಬ್ಬರವನ್ನು ಈ ಭಾಗ ತಾಳಿಕೊಂಡಿತು. ಆಗಿನ್ನೂ ಕೈಹಚ್ಚದೆ ಬಿಟ್ಟಿದ್ದ ಪಕ್ಕದ ಭಾಗ ಮಾತ್ರ ಕೊರೆತಕ್ಕೆ ತುತ್ತಾಯಿತು. ಹಿಂದೆ ಸರಿಯುವುದೆಂದರೆ ಸೋಲು ಎಂದು ಗೊಣಗುವವರಿಗೆ ಇದಕ್ಕಿಂತ ಸ್ಪಷ್ಟವಾದ ಉತ್ತರ ಬೇಕಿಲ್ಲ.

ಅನನುಕೂಲಗಳು ಇಲ್ಲದಿಲ್ಲ. ಮರಳು ಕೊಚ್ಚಿಹೋದ ದಿನಗಳಲ್ಲಿ ಕಲ್ಲುಗಳು ಮೇಲೆದ್ದು ಕಾಣುತ್ತವೆ. ಒದ್ದೆಯಾದ ಕಲ್ಲಿನ ಮೇಲೆ ಬರಿಗಾಲಲ್ಲಿ ನಡೆಯುವುದು ಸರ್ಫಿಂಗ್ ಹಲಗೆ ಹೊತ್ತ ಗಟ್ಟಿಮುಟ್ಟಾದ ಯುವಕರಿಗೇ ಕಷ್ಟವೆಂದಮೇಲೆ ವಯಸ್ಸಾದವರ ಪಾಡನ್ನು ಕೇಳುವುದೇ ಬೇಡ. ಗಾಲಿಕುರ್ಚಿಯಲ್ಲಿ ಬರುವವರಿಗೆ ಪಥ ಸಮತಟ್ಟಾಗಿದ್ದು ಸೊಗಸಾಗಿದೆಯಾದರೂ ಅಲ್ಲಿಂದ ನೀರಿನವರೆಗಿನ ದಾರಿ ಸುಲಭವಲ್ಲ. ಕಾರಿನಲ್ಲಿ ಕುಳಿತೇ ಅಲೆ ನೋಡುವ ಅಭ್ಯಾಸವಿರುವವರಿಗೂ ಇದು ರುಚಿಸಲಿಕ್ಕಿಲ್ಲ, ಆ ಬಗ್ಗೆ ನನಗೆ ಹೆಚ್ಚಿನ ಮರುಕವೇನೂ ಇಲ್ಲ.

ಇನ್ನೊಂದು ಕೊರತೆ ಬೀಚಿನದಲ್ಲ, ನದಿಯದು. 1948ರ ಹೊತ್ತಿಗೆ ಉಪನದಿಗೆ ಅಡ್ಡಲಾಗಿ ಕಟ್ಟಿದ ಮಟಿಲಿಹಾ ಅಣೆಕಟ್ಟು ತೀರಕ್ಕೆ ಇಳಿದುಬರಬೇಕಾದ ಮರಳು, ಕಲ್ಲುಗಳನ್ನು ಮೇಲೆಯೇ ತಡೆದಿಟ್ಟುಕೊಂಡಿದ್ದು, ಜಲಾಶಯ ಬಹುಪಾಲು ಹೂಳಿನಿಂದಲೇ ತುಂಬಿಹೋಗಿದೆ. ಅದನ್ನು ಕೆಡವುವ ಯೋಜನೆ ದಶಕಗಳಿಂದ ಚರ್ಚೆಯಲ್ಲಿದೆ. ಅಲ್ಲಿಯವರೆಗೆ ದಿಬ್ಬಗಳನ್ನು ಆಗಾಗ ದುರಸ್ತಿ ಮಾಡುತ್ತಲೇ ಇರಬೇಕಾದೀತು.

ನಡೆಯಲು, ಸೈಕಲ್ ತುಳಿಯಲು, ಸರ್ಫಿಂಗ್ ನೋಡಲು ಈ ಜಾಗವನ್ನು ನಿಸ್ಸಂಕೋಚವಾಗಿ ಶಿಫಾರಸು ಮಾಡುತ್ತೇನೆ. ಚಿಕ್ಕ ಮಕ್ಕಳನ್ನು ನೀರಿಗಿಳಿಸುವ ಉದ್ದೇಶವಿದ್ದರೆ ಮರಳು ಹೆಚ್ಚಿರುವ ಬೇರೆ ತೀರವೇ ಲೇಸು. ಇಲ್ಲಿಗೇ ಬರುವುದಾದರೆ ಇಳಿತದ ಹೊತ್ತನ್ನು ನೋಡಿಕೊಂಡು, ಗಟ್ಟಿ ಅಟ್ಟೆಯ ಚಪ್ಪಲಿ ಮೆಟ್ಟಿ ಬರಬೇಕು.